ನಂಚಿಕೊಳ್ಳಲು ಒಂದು ಸೌಟು ಅನ್ನ

ಕಳೆದ ವರ್ಷ ಆಗಸ್ಟ್ ತಿಂಗಳ ಒಂದು ಭಾನುವಾರ, ಮನೆಯವರೆಲ್ಲ ಉಂಡು ಎದ್ದ ಮೇಲೆ, ನನ್ನ ತಟ್ಟೆಯನ್ನು ತಕ್ಕಡಿಯ ಮೇಲಿಟ್ಟೆ. ಕೇಕು ಮಾಡುವುದಕ್ಕೆಂದು ಮಗಳು ತರಿಸಿಕೊಂಡಿದ್ದ ಪುಟ್ಟ ತಕ್ಕಡಿ ಅದು. ಖಾಲಿ ತಟ್ಟೆಯ ತೂಕವನ್ನು ಸೊನ್ನೆ ಮಾಡಿಕೊಂಡು, ದಿನವೂ ನನ್ನ ಕೈ ಎಷ್ಟು ಬಡಿಸುತ್ತದೋ ಅಷ್ಟೇ ಅನ್ನ ಬಡಿಸಿಕೊಂಡೆ. 390 ಗ್ರಾಂ. ಪಕ್ಕದಲ್ಲಿ ದಿನವೂ ಹಾಕಿಕೊಳ್ಳುವಷ್ಟೇ ಹುರುಳಿಕಾಯಿ ಪಲ್ಯ ಹಾಕಿದೆ. 45 ಗ್ರಾಂ. ಇದು ಸಾರಿನ ಅನ್ನದ ಲೆಕ್ಕ ಮಾತ್ರ. ಮೊಸರನ್ನಕ್ಕೆ ಮತ್ತೊಮ್ಮೆ ಹಾಕಿಕೊಳ್ಳುವುದು ಬೇರೆ ಇತ್ತು.

ಆ ಎರಡು ಅಂಕಿಗಳನ್ನು ನೋಡುತ್ತ ತುಂಬ ಹೊತ್ತು ನಿಂತಿದ್ದೆ. ಹದಿನೈದು ದಿನ ಮೊದಲು ಕಚೇರಿಯಲ್ಲಿ ಆರೋಗ್ಯ ತಪಾಸಣೆ ಮಾಡಿದ್ದರು. ಅದರ ಕಾಗದ ಫ್ರಿಜ್ಜಿನ ಮೇಲೆ ಮಡಿಸಿದ ಹಾಗೇ ಬಿದ್ದಿತ್ತು. ಎತ್ತರ 156 ಸೆಂಟಿಮೀಟರ್, ತೂಕ 78.4 ಕಿಲೋ, ಸೊಂಟದ ಸುತ್ತಳತೆ 101 ಸೆಂಟಿಮೀಟರ್. ಖಾಲಿ ಹೊಟ್ಟೆಯ ಸಕ್ಕರೆ 114. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.2. ಸ್ಕ್ಯಾನಿಂಗ್‌ನಲ್ಲಿ ಲಿವರಿನಲ್ಲಿ ಕೊಬ್ಬು ಕೂತಿದೆ ಅಂತ ಬರೆದಿದ್ದರು. ಡಾಕ್ಟರಮ್ಮ ಕಾಗದ ನೋಡಿ ಸಮಾಧಾನವಾಗಿಯೇ ಹೇಳಿದ್ದರು: ‘ಶುಗರ್ ಇನ್ನೂ ಬಂದಿಲ್ಲಮ್ಮ, ಬರೋ ದಾರೀಲಿದೆ. 5.7ರಿಂದ 6.4ರವರೆಗೆ ಇದ್ದರೆ ಅಂಚು ಅಂತೀವಿ. ಈಗ ಹಿಡಿದರೆ ಹಿಂದಕ್ಕೆ ತರಬಹುದು.’

ನಮ್ಮಪ್ಪನಿಗೆ ಯಾರೂ ಹೀಗೆ ಅಂಚಿನಲ್ಲಿ ನಿಲ್ಲಿಸಿ ಹೇಳಿರಲಿಲ್ಲ. ಅವರಿಗೆ ಶುಗರ್ ಇದೆ ಅಂತ ಗೊತ್ತಾಗಿದ್ದೇ ಕಾಲಿನ ಗಾಯ ವಾಸಿಯಾಗದೆ ಹೋದಾಗ. ಬಲಗಾಲಿನ ಹೆಬ್ಬೆರಳು ತೆಗೆದರು. ಆಮೇಲೆ ಹನ್ನೊಂದು ವರ್ಷ ಅವರು ಚಪ್ಪಲಿ ಹಾಕಿಕೊಳ್ಳುವ ಪ್ರತಿ ಸಲವೂ ನಾನು ಆ ಕಾಲನ್ನು ನೋಡಿದ್ದೇನೆ. ಹಾಗಾಗಿ ನನಗೆ ತೂಕ ಇಳಿಸುವುದು ಸೀರೆ ಚೆನ್ನಾಗಿ ಕೂರಲಿ ಅನ್ನುವ ವಿಷಯವಾಗಿರಲಿಲ್ಲ. ನಲವತ್ತನಾಲ್ಕು ವರ್ಷಕ್ಕೆ ನಾನೂ ಅಪ್ಪನ ದಾರಿಗೆ ಬಂದು ನಿಂತಿದ್ದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ ಮಧುಮೇಹ ಇರುವವರು 10.1 ಕೋಟಿ, ನನ್ನ ಹಾಗೆ ಅಂಚಿನಲ್ಲಿ ನಿಂತವರು 13.6 ಕೋಟಿ. ಅಂಚಿನಲ್ಲಿರುವವರ ಸಂಖ್ಯೆಯೇ ಹೆಚ್ಚು ಅನ್ನುವುದು ಓದಿದಾಗ ಭಯವೂ ಆಯಿತು, ಇನ್ನೂ ಕಾಲ ಮಿಂಚಿಲ್ಲ ಅಂತ ಧೈರ್ಯವೂ ಬಂತು.

ಇದಕ್ಕೆ ಮೊದಲು ನಾನು ಪ್ರಯತ್ನ ಮಾಡಿರಲಿಲ್ಲ ಅಂತಲ್ಲ. ಬೆಳಿಗ್ಗೆ ಬಿಸಿನೀರಿಗೆ ನಿಂಬೆಹಣ್ಣು, ಜೇನುತುಪ್ಪ. ಒಂದು ವಾರ ಹಣ್ಣು, ತರಕಾರಿ ಮಾತ್ರ. ಪರಿಚಯದವರೊಬ್ಬರು ಒತ್ತಾಯ ಮಾಡಿ ಕೊಟ್ಟ ಡಬ್ಬಿಯ ಪುಡಿಯನ್ನು ರಾತ್ರಿ ಊಟದ ಬದಲು ಕಲಸಿ ಕುಡಿದದ್ದೂ ಉಂಟು. ಎರಡು ತಿಂಗಳಲ್ಲಿ ಆರು ಕಿಲೋ ಇಳಿದೆ. ಮೂರನೇ ತಿಂಗಳಿಂದ ಬಾಚಣಿಗೆ ತುಂಬ ಕೂದಲು ಬರತೊಡಗಿತು. ಪುಡಿ ಬಿಟ್ಟ ಮೇಲೆ ಐದು ತಿಂಗಳಲ್ಲಿ ಎಂಟು ಕಿಲೋ ಏರಿದೆ. ಮೊದಲ ವಾರದಲ್ಲೇ ಸರ್ರನೆ ಇಳಿಯುವ ತೂಕ ಬಹುಪಾಲು ನೀರು ಅಂತ ಆಗ ಗೊತ್ತಿರಲಿಲ್ಲ. ನಮ್ಮ ಲಿವರು, ಸ್ನಾಯುಗಳಲ್ಲಿ ಸಕ್ಕರೆಯ ದಾಸ್ತಾನು ಗ್ಲೈಕೋಜನ್ ರೂಪದಲ್ಲಿ ಇರುತ್ತದೆ. ಅದರ ಒಂದೊಂದು ಗ್ರಾಮೂ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಊಟ ನಿಲ್ಲಿಸಿದ ಕೂಡಲೇ ದಾಸ್ತಾನು ಖರ್ಚಾಗಿ ನೀರು ಹೊರಗೆ ಹೋಗುತ್ತದೆ. ಕೊಬ್ಬು ಕರಗುವುದು ಬಹಳ ನಿಧಾನ. ಒಂದು ಕಿಲೋ ಕೊಬ್ಬಿನಲ್ಲಿ ಹೆಚ್ಚುಕಡಿಮೆ 7,700 ಕ್ಯಾಲೊರಿ ಶಕ್ತಿ ಇರುತ್ತದೆ. ದಿನಕ್ಕೆ 300 ಕ್ಯಾಲೊರಿ ಕಡಿಮೆ ತಿಂದರೆ ತಿಂಗಳಿಗೆ ಒಂದು ಕಿಲೋಗಿಂತ ಸ್ವಲ್ಪ ಹೆಚ್ಚು. ಇದನ್ನು ಮೊದಲೇ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ನಾನು ಆ ಪುಡಿಯ ಡಬ್ಬಿಗೆ ಅಷ್ಟು ದುಡ್ಡು ಸುರಿಯುತ್ತಿರಲಿಲ್ಲ.

ಭಾನುವಾರದ ಆ ತಕ್ಕಡಿಗೆ ಬರುತ್ತೇನೆ. 390 ಮತ್ತು 45 ಅನ್ನುವ ಅಂಕಿ ನೋಡಿದಾಗ ನನಗೆ ಮೊದಲು ನೆನಪಾದದ್ದು ‘ನಂಚಿಕೊಳ್ಳುವುದು’ ಅನ್ನುವ ನಮ್ಮ ಮಾತು. ‘ನಂಚಿಕೊಳ್ಳೋಕೆ ಏನಿದೆ?’ ಅಂತ ಕೇಳುತ್ತೇವೆ. ಊಟ ಅಂದರೆ ಅನ್ನ ಅಥವಾ ಮುದ್ದೆ. ಪಲ್ಯ, ಕೋಸಂಬರಿ, ಕಾಳು, ಸೊಪ್ಪು ಎಲ್ಲವೂ ಅದನ್ನು ಗಂಟಲಲ್ಲಿ ಇಳಿಸಲು ಬೇಕಾದ ನಂಚಿಕೆ. ಬಾಳೆಎಲೆಯಲ್ಲೂ ಪಲ್ಯ, ಕೋಸಂಬರಿಗೆ ಒಂದೊಂದು ಚಮಚದಷ್ಟು ಜಾಗ, ನಡುವೆ ಅನ್ನದ ರಾಶಿ. ನನ್ನ ತಟ್ಟೆ ಆ ಎಲೆಯ ಪಡಿಯಚ್ಚಾಗಿತ್ತು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆ 2024ರಲ್ಲಿ ಹೊರಡಿಸಿದ ಆಹಾರ ಸೂಚಿಯನ್ನು ಆಮೇಲೆ ಓದಿದೆ. ದಿನಕ್ಕೆ 2,000 ಕ್ಯಾಲೊರಿ ಊಟ ಮಾಡುವವರಿಗೆ ಅವರು ಹೇಳಿರುವುದು ಅಕ್ಕಿ, ರಾಗಿ, ಗೋಧಿ ಎಲ್ಲ ಸೇರಿ 250 ಗ್ರಾಂ ಧಾನ್ಯ, 400 ಗ್ರಾಂ ತರಕಾರಿ ಮತ್ತು ಸೊಪ್ಪು, 85 ಗ್ರಾಂ ಬೇಳೆಕಾಳು. ಬೇಯಿಸುವ ಮುಂಚಿನ ತೂಕ ಇದು. ಧಾನ್ಯಕ್ಕಿಂತ ತರಕಾರಿ ಜಾಸ್ತಿ! ನಮ್ಮ ಮನೆಯಲ್ಲಿ ಐದು ಜನಕ್ಕೆ ದಿನಕ್ಕೆ ಎರಡು ಕೆಜಿ ತರಕಾರಿ ಹೆಚ್ಚಿದ ದಿನವೇ ಇರಲಿಲ್ಲ.

ನಾನು ಅಂದು ಮಾಡಿಕೊಂಡ ನಿರ್ಧಾರ ಒಂದೇ. ಯಾವುದನ್ನೂ ಬಿಡುವುದಿಲ್ಲ, ತಟ್ಟೆಯಲ್ಲಿ ಜಾಗ ಅದಲು ಬದಲು ಮಾಡುತ್ತೇನೆ. ಪಲ್ಯ, ಕಾಳು ಊಟವಾಗಲಿ, ಅನ್ನ ನಂಚಿಕೆಯಾಗಲಿ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಯಾಕೆಂದರೆ ಅನ್ನದ ಹಿಂದೆ ನಮ್ಮ ಮನೆತನದ ಇಡೀ ಕತೆಯೇ ಇದೆ. ನಮ್ಮದು ಮಂಡ್ಯದ ಕಡೆ ಊರು. ನಮ್ಮಜ್ಜಿಗೆ ಅವರತ್ತೆ ಹೇಳುತ್ತಿದ್ದರಂತೆ, ನಾಲೆ ಬರುವ ಮುಂಚೆ ಹಬ್ಬಕ್ಕೊಂದು ಸಲ ಅನ್ನದ ಮುಖ ಕಾಣುತ್ತಿದ್ದದ್ದು ಅಂತ. ಮಿಕ್ಕ ದಿನ ಮೂರು ಹೊತ್ತೂ ರಾಗಿ. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ನಾಲೆಯಲ್ಲಿ ಹರಿದ ಮೇಲೆ ಹೊಲಗಳು ಗದ್ದೆಗಳಾದವು, ಕಬ್ಬು ಬಂತು, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು. ದಿನವೂ ಅನ್ನ ಉಣ್ಣುವುದು ಬಡತನ ದಾಟಿ ಬಂದದ್ದರ ಗುರುತಾಯಿತು. ಮಕ್ಕಳ ತಟ್ಟೆಗೆ ಅವ್ವ ಒತ್ತಿ ಒತ್ತಿ ಅನ್ನ ಬಡಿಸುವಾಗ ಅದರಲ್ಲಿ ಅವಳ ಅಜ್ಜಿಯರು ಉಣ್ಣಲಾರದೆ ಹೋದ ಅನ್ನವೂ ಇರುತ್ತದೆ. ಅದನ್ನು ಬೇಡ ಅನ್ನುವುದು ಹೇಗೆ?

ಹಾಗಂತ ಮಂಡ್ಯ ರಾಗಿಯನ್ನು ಕೈಬಿಟ್ಟಿತು ಅನ್ನಲಾರೆ. ಆಫ್ರಿಕದ ರಾಗಿಯನ್ನೂ ನಮ್ಮ ರಾಗಿಯನ್ನೂ ಕೂಡಿಸಿ ಕೃಷಿ ವಿಜ್ಞಾನಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಬೆಳೆಸಿದ್ದು ಇದೇ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ. ನಮ್ಮ ತಾತನ ಹೊಲದಲ್ಲೂ ‘ಇಂಡಾಫು’ ಇತ್ತು. ತಾತ ಎರಡು ದೊಡ್ಡ ಮುದ್ದೆ, ಹುರುಳಿಕಾಳು ಸಾರು ಉಂಡು ಹೊಲಕ್ಕೆ ಹೋದರೆ ಹೊತ್ತು ಮುಳುಗಿದ ಮೇಲೆ ಬರುತ್ತಿದ್ದರು. ನೇಗಿಲು, ಕುಂಟೆ, ಹೊರೆ. ನಾನು ಅದೇ ಎರಡು ಮುದ್ದೆ ಉಂಡು ಕುರ್ಚಿಯ ಮೇಲೆ ಎಂಟು ಗಂಟೆ ಕೂರುತ್ತಿದ್ದೆ.

ಮುದ್ದೆಯ ವಿಷಯದಲ್ಲಿ ಒಂದು ಮಾತು ಗಟ್ಟಿಯಾಗಿಯೇ ಹೇಳಬೇಕು, ಯಾಕೆಂದರೆ ನಾನೇ ಅದರಲ್ಲಿ ಎಡವಿದ್ದೇನೆ. ಅನ್ನ ಬಿಟ್ಟು ಮುದ್ದೆ ಹಿಡಿದರೆ ಸಾಕು, ಶುಗರ್ ಏರುವುದಿಲ್ಲ, ತೂಕ ತಾನಾಗಿ ಇಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ರಾಗಿ ಒಳ್ಳೆಯದೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. ಕ್ಯಾಲ್ಸಿಯಂ ವಿಷಯದಲ್ಲಂತೂ ರಾಗಿಗೆ ಸಾಟಿಯಾದ ಧಾನ್ಯವಿಲ್ಲ. ಆದರೆ ಕ್ಯಾಲೊರಿ ನೋಡಿದರೆ ನೂರು ಗ್ರಾಂ ರಾಗಿಗೆ ಸುಮಾರು 320, ಅಕ್ಕಿಗೆ ಸುಮಾರು 355. ಹೇಳಿಕೊಳ್ಳುವಂಥ ಅಂತರವೇನಲ್ಲ. ಅದೂ ನುಣ್ಣಗೆ ಬೀಸಿದ ಹಿಟ್ಟು, ಅಗಿಯದೆ ನುಂಗುವ ತುತ್ತು. ಎರಡು ಮುದ್ದೆ ಉಂಡು ಅರ್ಧ ಗಂಟೆಯ ನಂತರವೇ ಹೊಟ್ಟೆ ತುಂಬಿದ್ದು ಗೊತ್ತಾಗುವುದು. ಬೆಲ್ಲ ಹಾಕಿದ ರಾಗಿ ಮಾಲ್ಟನ್ನು ಆರೋಗ್ಯಕ್ಕೆ ಒಳ್ಳೆಯದು ಅಂತ ದೊಡ್ಡ ಲೋಟದಲ್ಲಿ ಕುಡಿಯುವವರಿಗೆ ಇದನ್ನು ಹೇಗೆ ತಿಳಿಸಿ ಹೇಳುವುದೋ! 2025ರಲ್ಲಿ ಅದೇ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಇನ್ನೊಂದು ವರದಿ ಬಂದಿದೆ. ನಾವು ತಿನ್ನುವ ಶಕ್ತಿಯಲ್ಲಿ ಶೇ 62ರಷ್ಟು ಅನ್ನ, ರೊಟ್ಟಿ, ಸಕ್ಕರೆಯಂಥವುಗಳಲ್ಲಿರುವ ಶರ್ಕರಪಿಷ್ಟದಿಂದಲೇ, ಅಂದರೆ ಕಾರ್ಬೊಹೈಡ್ರೇಟಿನಿಂದಲೇ ಬರುತ್ತಿದೆ ಅಂತ ಅದು ಹೇಳುತ್ತದೆ. ಒಟ್ಟು ಶರ್ಕರಪಿಷ್ಟ ಕಡಿಮೆ ಮಾಡದೆ ಬರೀ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟೋ ಸಿರಿಧಾನ್ಯದ ಹಿಟ್ಟೋ ತಂದುಕೊಂಡರೆ ಮಧುಮೇಹದ ಅಪಾಯ ಕಡಿಮೆಯಾಗುವುದು ಕಾಣಲಿಲ್ಲವಂತೆ. ಅದರ ಒಂದು ಪಾಲನ್ನು ಕಾಳು, ಬೇಳೆ, ಹಾಲು, ಮೊಸರಿನ ಪ್ರೋಟೀನಿಗೆ ಬಿಟ್ಟುಕೊಟ್ಟಾಗ ಅಪಾಯ ಕಡಿಮೆ ಕಂಡಿದೆ. ನವಣೆ, ಸಾಮೆ, ಕೊರಲೆ ತಂದಿಟ್ಟುಕೊಂಡವರು ಅದನ್ನೂ ಅಳತೆ ಮಾಡಿಯೇ ಉಣ್ಣಬೇಕು.

ನನಗೆ ಕೈಹಿಡಿದದ್ದು ಬಸ್ಸಾರು. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಬೇರೆ ಕಡೆಯವರಿಗೆ ಹೇಳುತ್ತೇನೆ. ಕಾಳನ್ನು ಮುಕ್ಕಾಲು ಪಾಲು ಬೇಯಿಸಿ, ಹೆಚ್ಚಿದ ಸೊಪ್ಪನ್ನು ಅದರ ಮೇಲೆ ಹಾಕಿ, ಉಪ್ಪು ಹಾಕಿ, ಸೊಪ್ಪು ಬಣ್ಣ ಬಿಡುವ ಮುಂಚೆ ಇಳಿಸಬೇಕು. ತಟ್ಟೆ ಅಡ್ಡ ಹಿಡಿದು ನೀರನ್ನು ಬಸಿಯಬೇಕು. ಬಸಿದ ಕಟ್ಟು ಸಾರಿಗೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಸಾರಿನ ಪುಡಿ, ಹುಣಸೆಹಣ್ಣು, ಒಂದು ಹಿಡಿ ತೆಂಗಿನಕಾಯಿ, ಒಂದು ಹಿಡಿ ಬೆಂದ ಸೊಪ್ಪು ಕಾಳು ಇಷ್ಟನ್ನು ರುಬ್ಬಿ ಆ ಕಟ್ಟಿಗೆ ಬೆರೆಸಿ ಕುದಿಸಿದರೆ ಬಸ್ಸಾರು. ಪಾತ್ರೆಯಲ್ಲಿ ಉಳಿದ ಸೊಪ್ಪು, ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಒಲೆ, ಒಂದೇ ಪಾತ್ರೆ, ಎರಡು ಅಡುಗೆ.

ಮೊದಲು ಐದು ಜನಕ್ಕೆ ಎರಡು ಕಟ್ಟು ಸೊಪ್ಪು ತರುತ್ತಿದ್ದೆ. ಬೆಂದ ಮೇಲೆ ಅದು ಒಂದು ಬಟ್ಟಲಾಗುತ್ತಿತ್ತು, ಎಲ್ಲರಿಗೂ ನಂಚಿಕೊಳ್ಳುವಷ್ಟು. ಈಗ ಶನಿವಾರ ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋದರೆ ದಂಟು, ಕೀರೆ, ಚಕ್ಕೋತ, ಸಬ್ಬಸಿಗೆ ಸೇರಿ ಎಂಟು ಹತ್ತು ಕಟ್ಟು ಹಿಡಿದು ಬರುತ್ತೇನೆ. ಸಂಜೆ ಟಿವಿ ಮುಂದೆ ಪೇಪರು ಹಾಸಿಕೊಂಡು ಬಿಡಿಸುತ್ತೇವೆ. ಮಗ ಮೊದಮೊದಲು ಎದ್ದು ಹೋಗುತ್ತಿದ್ದ, ಈಗ ದಂಟಿನ ನಾರು ತೆಗೆಯುವುದು ಅವನ ಪಾಲಿನ ಕೆಲಸ. ಕಾಳು ವಾರಕ್ಕೊಂದು: ಹುರುಳಿ, ಹೆಸರು, ಅಲಸಂದೆ, ತೊಗರಿ. ಅವರೆಕಾಯಿ ಕಾಲದಲ್ಲಿ ಮಾತ್ರ ಬೇರೆ ಕಾಳಿನ ಮಾತೇ ಇಲ್ಲ. ಸೊಗಡಿನ ಅವರೆಕಾಳನ್ನು ನಾನು ಎಂದೂ ಅಳತೆ ಮಾಡಿ ತಿಂದಿಲ್ಲ, ಮುಂದೆಯೂ ತಿನ್ನುವುದಿಲ್ಲ.

ಈಗ ನನ್ನ ಮಧ್ಯಾಹ್ನದ ಡಬ್ಬಿಯಲ್ಲಿ ದೊಡ್ಡ ಬಟ್ಟಲಿಗೆ ಸೊಪ್ಪು ಕಾಳಿನ ಪಲ್ಯ ಹೋಗುತ್ತದೆ, ಸುಮಾರು 220 ಗ್ರಾಂ. ಸಣ್ಣ ಬಟ್ಟಲಿಗೆ ಒಂದು ಸೌಟು ಅನ್ನ, 130 ಗ್ರಾಂ. ಸಾರು, ಒಂದು ಲೋಟ ಮಜ್ಜಿಗೆ. ಮೊದಲು ಪಲ್ಯವನ್ನೇ ಅರ್ಧ ತಿಂದು ಆಮೇಲೆ ಅನ್ನಕ್ಕೆ ಕೈ ಹಾಕುತ್ತೇನೆ. ತರಕಾರಿ, ಕಾಳು ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಊಟವಾದ ಮೇಲೆ ರಕ್ತದ ಸಕ್ಕರೆ ಅಷ್ಟು ಜಿಗಿಯುವುದಿಲ್ಲ ಅಂತ ಡಾಕ್ಟರಮ್ಮ ಹೇಳಿದ್ದರು. ನನಗೆ ಅದಕ್ಕಿಂತ ಹೆಚ್ಚಾಗಿ ಅನುಭವಕ್ಕೆ ಬಂದದ್ದು ಮೂರು ಗಂಟೆಯ ನಿದ್ದೆ ಹೋದದ್ದು. ಹದಿನೈದು ವರ್ಷದಿಂದ ಮಧ್ಯಾಹ್ನ ಕಣ್ಣು ಎಳೆಯುವುದು ವಯಸ್ಸಿನ ಸಹಜ ಅಂದುಕೊಂಡಿದ್ದೆ. ಅದು ಅನ್ನದ ರಾಶಿಯ ಫಲ.

ಎಣ್ಣೆಯ ಲೆಕ್ಕ ಹಾಕಿದ್ದು ನನ್ನ ಗಂಡ. ಐದು ಲೀಟರ್ ಕ್ಯಾನಿನ ಮೇಲೆ ಮಾರ್ಕರ್‌ನಲ್ಲಿ ಒಡೆದ ತಾರೀಖು ಬರೆದರು. ಸರಿಯಾಗಿ ಮೂವತ್ತು ದಿನಕ್ಕೆ ಖಾಲಿಯಾಯಿತು. ಐದು ಜನ, ತಲೆಗೆ ದಿನಕ್ಕೆ 33 ಮಿಲಿಲೀಟರ್, ಅಂದರೆ ಬರೀ ಎಣ್ಣೆಯಿಂದಲೇ ಸುಮಾರು 270 ಕ್ಯಾಲೊರಿ. ಹೊರಗೆ ತಿಂದ ಬೋಂಡ, ಮಸಾಲೆ ದೋಸೆ ಈ ಲೆಕ್ಕದಲ್ಲಿ ಇಲ್ಲ. ನಾನು ಬಾಣಲೆಗೆ ಕ್ಯಾನಿನಿಂದ ನೇರ ಸುರಿಯುತ್ತಿದ್ದೆ, ಕೈಯಂದಾಜು. ಈಗ ಒಲೆಯ ಪಕ್ಕ ಒಂದು ಸ್ಟೀಲ್ ಚಮಚ ಇದೆ, ಅದರಿಂದಲೇ ಅಳೆದು ಹಾಕುವುದು. ಉಪ್ಪಿಟ್ಟು ಮೊದಲಿನಷ್ಟು ಉದುರುದುರಾಗಿ ಬರುವುದಿಲ್ಲ, ಒಪ್ಪುತ್ತೇನೆ. ಅದಕ್ಕೆ ರವೆಯಷ್ಟೇ ತರಕಾರಿ ಹಾಕಿ ಬೇರೆಯದೇ ತಿಂಡಿ ಮಾಡಿಕೊಂಡಿದ್ದೇವೆ. ತಿಂಗಳಿಗೆ ಮೂರು ಲೀಟರಿಗೆ ಬಂದು ನಿಂತಿದೆ.

ಕಾಫಿಯ ಸಕ್ಕರೆ ಇನ್ನೊಂದು. ದಿನಕ್ಕೆ ನಾಲ್ಕು ಕಾಫಿ, ಎರಡೆರಡು ಚಮಚ ಸಕ್ಕರೆ, ಒಟ್ಟು 40 ಗ್ರಾಂ. ದಿನಕ್ಕೆ 25 ಗ್ರಾಮಿನೊಳಗಿದ್ದರೆ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಕಾಫಿ ಬಿಡಲು ನನ್ನಿಂದ ಆಗುವುದಿಲ್ಲ. ವಾರಕ್ಕೆ ಕಾಲು ಚಮಚದಂತೆ ಇಳಿಸುತ್ತ ಬಂದೆ. ಎರಡು ತಿಂಗಳಿಗೆ ಸಕ್ಕರೆಯೇ ಬೇಡವಾಯಿತು, ಈಗ ಯಾರ ಮನೆಯಲ್ಲಾದರೂ ಸಕ್ಕರೆ ಹಾಕಿ ಕೊಟ್ಟರೆ ಡಿಕಾಕ್ಷನ್ನಿನ ರುಚಿಯೇ ಸಿಗುವುದಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ರಾತ್ರಿ ಹತ್ತು ಗಂಟೆಯ ಅಡುಗೆಮನೆ. ಇದನ್ನು ಹೆಂಗಸರೆಲ್ಲ ಬಲ್ಲರು. ಎಲ್ಲರೂ ಉಂಡಾಗಿದೆ, ನಾನೂ ಉಂಡಾಗಿದೆ. ಪಾತ್ರೆಯಲ್ಲಿ ಎರಡು ಹಿಡಿ ಅನ್ನ, ತಳದಲ್ಲಿ ಒಂದಿಷ್ಟು ಸಾರು, ಮಗ ಅರ್ಧಕ್ಕೆ ಬಿಟ್ಟ ಚಪಾತಿ. ಚೆಲ್ಲಲು ಕೈ ಬರುವುದಿಲ್ಲ. ಅನ್ನ ಚೆಲ್ಲಿದರೆ ಪಾಪ ಅಂತ ಕೇಳುತ್ತಲೇ ಬೆಳೆದವಳು ನಾನು. ನಿಂತುಕೊಂಡೇ ಕಲಸಿ ಬಾಯಿಗೆ ಹಾಕಿಕೊಂಡು ಪಾತ್ರೆ ತೊಳೆಯಲು ಹಾಕುತ್ತಿದ್ದೆ. ಅದನ್ನು ಎಂದೂ ಊಟ ಅಂತ ಲೆಕ್ಕ ಹಿಡಿದಿರಲಿಲ್ಲ. ಒಂದು ವಾರ ಆ ಮಿಕ್ಕಿದ್ದನ್ನೂ ತಕ್ಕಡಿಗೆ ಹಾಕಿ ಬರೆದಿಟ್ಟೆ. ಹೆಚ್ಚುಕಡಿಮೆ ದಿನಕ್ಕೆ ಇನ್ನೊಂದು ಅರ್ಧ ಊಟ! ನನ್ನ ಹೊಟ್ಟೆ ಮನೆಯ ಮಿಕ್ಕಿದ್ದನ್ನು ಹಾಕುವ ಜಾಗವಾಗಿತ್ತು ಅಂತ ಅರಿವಾದ ದಿನ ನನಗೆ ಅಳು ಬಂತು. ಅನ್ನಕ್ಕೆ ಕೊಡುವ ಗೌರವವನ್ನು ನನ್ನ ಮೈಗೆ ನಾನು ಕೊಟ್ಟಿರಲಿಲ್ಲ. ಮರುದಿನದಿಂದ ಮೂರು ಪಾವು ಅಕ್ಕಿಯ ಬದಲು ಎರಡು ಪಾವು ಇಟ್ಟೆ. ಮಿಕ್ಕರೆ ಬೆಳಿಗ್ಗೆ ಚಿತ್ರಾನ್ನ. ಹತ್ತು ಗಂಟೆಯ ಮೇಲೆ ಅಡುಗೆಮನೆ ದೀಪ ಆರಿಸುವವಳು ಮಗಳು.

ಅತ್ತೆಗೆ ಇದು ಸುತರಾಂ ಹಿಡಿಸಲಿಲ್ಲ. ಅವರಿಗೆ ಎಪ್ಪತ್ತೆರಡು. ಊಟಕ್ಕೆ ಕೂತರೆ ಹಿಂದೆ ನಿಂತು ಬಡಿಸುವುದು ಅವರ ಪ್ರೀತಿ. ‘ಬೇಡ’ ಅಂದರೆ ಮರ್ಯಾದೆಗೆ ಅಂದದ್ದು ಅಂತ ತಿಳಿದು ಇನ್ನೊಂದು ಸೌಟು ಹಾಕುತ್ತಾರೆ. ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ಹಾಕುತ್ತಾರೆ. ‘ಇಷ್ಟೇ ತಿಂದರೆ ಆಚೆ ಈಚೆ ದುಡಿಯೋಳು ನೀನು, ಬಿದ್ದೋಗ್ತೀಯ ಕಣೇ’ ಅಂತ ಬೈದರು. ಒಂದು ದಿನ ನಾನೂ ಸಿಡುಕಿದೆ, ಅವರು ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಅವರ ಪಕ್ಕ ಕೂತು ಅಪ್ಪನ ಕಾಲಿನ ಕತೆ ಹೇಳಿದೆ. ಅವರಿಗೆ ಗೊತ್ತಿದ್ದದ್ದೇ, ಆದರೆ ನನ್ನ ಬಾಯಿಂದ ನನ್ನ ಭಯವಾಗಿ ಕೇಳಿರಲಿಲ್ಲ. ಮಾರನೆಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ಹೆಸರುಕಾಳು ಬಟ್ಟೆಯಲ್ಲಿ ಕಟ್ಟಿ ಮೊಳಕೆಗೆ ಇಟ್ಟಿದ್ದರು. ಈಗಲೂ ಹಿಂದೆ ನಿಂತು ಬಡಿಸುತ್ತಾರೆ, ಕೈಯಲ್ಲಿರುವುದು ಪಲ್ಯದ ಪಾತ್ರೆ.

ಮೊದಲ ತಿಂಗಳು ಎರಡೂವರೆ ಕಿಲೋ ಇಳಿಯಿತು, ಆಮೇಲೆ ಒಂದು, ಮತ್ತೊಂದು, ಒಂದು ತಿಂಗಳು ಮುನ್ನೂರು ಗ್ರಾಂ. ಯುಗಾದಿಗೆ ಒಬ್ಬಟ್ಟು ತಿಂದೆ, ತುಪ್ಪ ಹಾಕಿಕೊಂಡೇ. ಮರುದಿನ ಹೊಸತೊಡಕಿಗೆ ನಾಟಿಕೋಳಿ ಸಾರು, ಮುದ್ದೆ. ಹಬ್ಬದ ಊಟದಿಂದ ಯಾರೂ ದಪ್ಪ ಆಗುವುದಿಲ್ಲ. ವರ್ಷದಲ್ಲಿ ಹಬ್ಬ ಹದಿನೈದಿದ್ದರೆ ಬರೀ ದಿನಗಳು ಮುನ್ನೂರೈವತ್ತು ಇವೆ. ಆದರೂ ಆ ಯುಗಾದಿಯಿಂದ ಜೂನ್ ಮುಗಿಯುವವರೆಗೆ ತೂಕ 71ರಲ್ಲೇ ಕೂತುಬಿಟ್ಟಿತು. ಏನು ಮಾಡಿದರೂ ಮುಳ್ಳು ಅಲುಗಲಿಲ್ಲ. ಹಿಂದಿನ ಸಲ ಇದೇ ಹಂತದಲ್ಲಿ ನಾನು ಎಲ್ಲ ಬಿಟ್ಟು ಕೈಚೆಲ್ಲಿದ್ದೆ. ಈ ಸಲ ಡಾಕ್ಟರಮ್ಮ ಹೇಳಿದರು, ಮೈ ಹಗುರಾದಷ್ಟೂ ಅದಕ್ಕೆ ಬೇಕಾದ ಶಕ್ತಿಯೂ ಕಡಿಮೆಯಾಗುತ್ತದೆ, ಮೊದಲು ಇಳಿಸುತ್ತಿದ್ದ ಊಟವೇ ಈಗ ತೂಕವನ್ನು ಇದ್ದಲ್ಲೇ ಹಿಡಿದಿಡುತ್ತದೆ ಅಂತ. ಊಟ ಇನ್ನೂ ಕಡಿಮೆ ಮಾಡಬೇಡಿ, ಸ್ನಾಯು ಉಳಿಸಿಕೊಳ್ಳಿ ಅಂದರು. ಬೆಳಿಗ್ಗೆ ಎರಡು ಮೊಟ್ಟೆ ಸೇರಿಸಿದೆ. ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುವುದು ಹೇಗೂ ಇತ್ತು, ಅದರ ಜೊತೆ ವಾರಕ್ಕೆ ಮೂರು ದಿನ ಮನೆಯಲ್ಲೇ ಬಸ್ಕಿ, ಎರಡು ನೀರಿನ ಬಾಟಲಿ ಹಿಡಿದು ತೋಳಿನ ಕಸರತ್ತು. ಜುಲೈನಲ್ಲಿ ಮುಳ್ಳು ಮತ್ತೆ ಕೆಳಗೆ ಬಂತು.

ಈ ನಡುವೆ ನನ್ನ ಗಂಡನ ರಕ್ತ ಪರೀಕ್ಷೆಯೂ ಮಾಡಿಸಿದೆವು. ಅವರು ನೋಡಲು ಸಣ್ಣ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಸ್ವಲ್ಪ ಮುಂದೆ. ‘ನನಗೇನಾಗಿದೆ’ ಅನ್ನುತ್ತಿದ್ದರು. ಎಚ್‌ಬಿಎ1ಸಿ 6.0 ಬಂತು. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಒಂದು ಪ್ರಸಿದ್ಧ ಚಿತ್ರವಿದೆ, 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದದ್ದು. ಅವರೂ ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ ಅವರೂ ಪಕ್ಕಪಕ್ಕ ಇದ್ದಾರೆ. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕಂತೆ ತೂಕ ಅಳೆಯುವ ಅಂಕಿ, ಒಂದೇ, 22.3. ಮೈಯಲ್ಲಿರುವ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ನಮ್ಮ ಮೈ ಹೊರಗೆ ಸಣ್ಣಗೆ ಕಂಡರೂ ಒಳಗೆ, ಅದರಲ್ಲೂ ಹೊಟ್ಟೆಯ ಸುತ್ತ, ಕೊಬ್ಬು ಕೂಡಿಡುತ್ತದೆ. ಅದಕ್ಕೇ ನಮ್ಮ ದೇಶದಲ್ಲಿ ಬಿಎಂಐ 23 ದಾಟಿದರೆ ತೂಕ ಹೆಚ್ಚು, 25 ದಾಟಿದರೆ ಬೊಜ್ಜು ಅಂತ ಎಣಿಸುತ್ತಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿರಬೇಕು. ಮನೆಯಲ್ಲಿ ಟೈಲರ್ ಟೇಪು ಇದ್ದರೆ ಸಾಕು. ದಪ್ಪಗಿರುವವರನ್ನು ಮಾತ್ರ ನೋಡಿ ಬುದ್ಧಿ ಹೇಳುವವರು ಒಮ್ಮೆ ತಮ್ಮ ಹೊಟ್ಟೆಯ ಸುತ್ತ ಆ ಟೇಪು ಹಿಡಿಯಲಿ ಅನ್ನುವುದು ನನ್ನ ಕಳಕಳಿ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ನನ್ನಂತೆ ಅಂಚಿನಲ್ಲಿದ್ದ 531 ಜನರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಊಟ, ನಡಿಗೆ ಸರಿಪಡಿಸಿಕೊಂಡವರಲ್ಲಿ ಮಧುಮೇಹ ಬರುವ ಸಾಧ್ಯತೆ ಶೇ 28.5ರಷ್ಟು ಕಡಿಮೆಯಾಗಿತ್ತು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ, ಆದರೂ. ತಕ್ಕಡಿಯ ಮುಳ್ಳು ನಿಂತ ಆ ಮೂರು ತಿಂಗಳು ನಾನು ಹಿಡಿದುಕೊಂಡದ್ದು ಈ ಒಂದು ಮಾತನ್ನು.

ಹದಿನಾಲ್ಕು ತಿಂಗಳಾದ ಮೇಲೆ ನನ್ನ ತೂಕ ಈಗ 67.2. ಸೊಂಟ 89. ಖಾಲಿ ಹೊಟ್ಟೆಯ ಸಕ್ಕರೆ 97, ಎಚ್‌ಬಿಎ1ಸಿ 5.6. ಇನ್ನೂ ಇಳಿಯಬೇಕಾದದ್ದು ಇದೆ.

ತೂಕ ಇಳಿದವರಿಗೆ ನಮ್ಮಲ್ಲಿ ಹೇಳಲು ಒಳ್ಳೆಯ ಮಾತೇ ಇಲ್ಲ ಅಂತ ಈ ವರ್ಷ ಕಂಡುಕೊಂಡೆ. ದಪ್ಪ ಆದರೆ ‘ಮೈಕೈ ತುಂಬ್ಕೊಂಡಿದ್ದೀಯ’ ಅಂತ ಹರಸುತ್ತಾರೆ. ಸಣ್ಣ ಆದರೆ ಸೊರಗಿದ್ದೀಯ, ಬಾಡಿದ್ದೀಯ, ಇಳಿದುಹೋಗಿದ್ದೀಯ. ಎಲ್ಲವೂ ಕಾಯಿಲೆಯ ಮಾತು, ಬರಗಾಲದ ಮಾತು. ಮದುವೆಮನೆಯಲ್ಲಿ ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಕೈ ಹಿಡಿದು, ದನಿ ತಗ್ಗಿಸಿ ‘ಮನೇಲಿ ಏನೂ ತೊಂದರೆ ಇಲ್ಲ ತಾನೆ?’ ಅಂತ ಕೇಳಿದರು. ಅವರ ಕಣ್ಣಲ್ಲಿ ನಿಜವಾದ ಆತಂಕ ಇತ್ತು. ನಾನು ಚೆನ್ನಾಗಿದ್ದೇನೆ ಅಂತ ನಂಬಿಸಲು ಹತ್ತು ನಿಮಿಷ ಹಿಡಿಯಿತು.

ಅವ್ವನಿಗಂತೂ ಒಂದು ವರ್ಷ ಹಿಡಿಯಿತು. ಪ್ರತಿ ಸಲ ಊರಿಗೆ ಹೋದಾಗಲೂ ಬಾಗಿಲಲ್ಲೇ ‘ಯಾಕವ್ವ ಇಂಗಾಗೋಗಿದ್ದೀಯ’ ಅನ್ನುವಳು. ಆಮೇಲೆ ಒಲೆ ಮುಂದೆ ಕೂರಿಸಿ, ಕೇಳದೆ, ಅಳತೆ ಇಲ್ಲದೆ ಬಡಿಸುವಳು. ನಾನು ಅವಳ ಮುಂದೆ ಒಮ್ಮೆಯೂ ತಕ್ಕಡಿಯ ಮಾತು ಎತ್ತಲಿಲ್ಲ. ನಿಧಾನವಾಗಿ ಪಲ್ಯ ಮುಗಿಸಿ ಇನ್ನಷ್ಟು ಪಲ್ಯ ಕೇಳುತ್ತಿದ್ದೆ, ಅನ್ನವನ್ನು ಸ್ವಲ್ಪ ಸ್ವಲ್ಪವೇ ಉಣ್ಣುತ್ತಿದ್ದೆ. ಅವಳು ನೋಡುತ್ತಿದ್ದಳು, ಏನೂ ಅನ್ನುತ್ತಿರಲಿಲ್ಲ.

ಮೊನ್ನೆ ದೀಪಾವಳಿಗೆ ಹೋದಾಗ ಬಸ್ಸಾರು ಮಾಡಿದ್ದಳು. ಹಿತ್ತಲಿನ ದಂಟು, ಅಲಸಂದೆಕಾಳು. ನನ್ನ ತಟ್ಟೆ ಎತ್ತಿಕೊಂಡು ಅದರ ಅರ್ಧಕ್ಕೂ ಹೆಚ್ಚು ಜಾಗಕ್ಕೆ ಪಲ್ಯ ಹಾಕಿದಳು. ಮೇಲೊಂದಿಷ್ಟು ಕಾಯಿತುರಿ ಉದುರಿಸಿದಳು. ಆಮೇಲೆ ಅನ್ನದ ಪಾತ್ರೆಯ ಮುಚ್ಚಳ ತೆಗೆದು, ಸೌಟು ಹಿಡಿದುಕೊಂಡು, ನನ್ನ ಕಡೆ ನೋಡಿದಳು.

‘ಅನ್ನ ಎಷ್ಟು ಹಾಕ್ಲವ್ವ?’

ನಲವತ್ತೈದು ವರ್ಷದಲ್ಲಿ ಅವಳು ನನ್ನನ್ನು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

‘ಒಂದು ಸೌಟು ಸಾಕು ಕಣವ್ವ’ ಅಂದೆ. ಒಂದೇ ಸೌಟು ಹಾಕಿ ಮುಚ್ಚಳ ಮುಚ್ಚಿದಳು. ಪಕ್ಕದಲ್ಲೇ ತನ್ನ ತಟ್ಟೆಯನ್ನೂ ಇಟ್ಟುಕೊಂಡು, ಮೊದಲು ಪಲ್ಯಕ್ಕೆ ಕೈ ಹಾಕಿದಳು.